ಒಣಗದ ಹಾಳೆ

ಬೆಳಗೋಡಿನಲ್ಲಿ ನಾನು ಬರೆದ ಮೊದಲ ಚಿತ್ರ ಒಣಗಲೇ ಇಲ್ಲ. ಬೆಳಿಗ್ಗೆ ಆರೂವರೆಗೆ ಕಾಫಿ ಕಣದ ಅಂಚಿನಲ್ಲಿ ಸ್ಟೂಲು ಹಾಕಿ ಕುಳಿತು, ಹಾಳೆಗೆ ನೀರು ಬಳಿದು, ಆಕಾಶಕ್ಕೆ ತೆಳುವಾಗಿ ನೀಲಿ ಇಳಿಸಿ, ಆರಲಿ ಎಂದು ಕಾದೆ. ನಮ್ಮ ತಿಪಟೂರಿನ ಕಡೆ ಮಾರ್ಚ್ ತಿಂಗಳಲ್ಲಿ ಇಂಥ ಹಾಳೆ ಮೂರು ನಿಮಿಷಕ್ಕೆ ಹಪ್ಪಳದ ಹಾಗೆ ಒಣಗಿ ಮೂಲೆ ಎತ್ತುತ್ತದೆ. ಇಲ್ಲಿ ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಬೆರಳಿನ ಹಿಂಬದಿ ತಾಗಿಸಿ ನೋಡಿದರೆ ಹಾಳೆ ಇನ್ನೂ ತಣ್ಣಗಿದೆ. ತಣ್ಣಗಿದ್ದರೆ ಒಳಗೆ ನೀರಿದೆ ಎಂದು ಅರ್ಥ. ಮಂಜು ಗುಡ್ಡದಿಂದ ಇಳಿದು, ಸಿಲ್ವರ್ ಓಕ್ ಮರಗಳ ನಡುವೆ ಹಾದು, ನನ್ನ ಬೋರ್ಡಿನ ಮೇಲೂ ಕುಳಿತಿತ್ತು. ಮರದಿಂದ ಉದುರಿದ ಒಂದು ದಪ್ಪ ಹನಿ ನೀಲಿಯ ನಡುವೆ ಬಿದ್ದು ಬಿಳಿಯ ವೃತ್ತ ಬಿಡಿಸಿತು. ಅದನ್ನು ಸರಿಪಡಿಸಲು ಹೋಗಿ ಇನ್ನಷ್ಟು ಕೆಡಿಸಿದೆ.

ನಾನು ಉಳಿದಿದ್ದ ಮನೆಯ ಅವ್ವ ಹಿತ್ತಿಲ ಬಾಗಿಲಿನಿಂದ ಇದನ್ನೆಲ್ಲ ನೋಡುತ್ತಿದ್ದರು. ‘ಒಳೀಕ್ ತನ್ನಿ ಮೇಷ್ಟ್ರೇ, ಒಲೆ ಮ್ಯಾಲೆ ಹಿಡೀರಿ’ ಅಂದರು. ಕಡುಬು ಬೇಯುತ್ತಿದ್ದ ಒಲೆಯ ಮೇಲೆ, ಅಟ್ಟದ ಬಿದಿರಿಗೆ ಹಾಳೆಯನ್ನು ಕ್ಲಿಪ್ಪಿನಲ್ಲಿ ತೂಗಿಬಿಟ್ಟೆವು. ಒಂದು ಗಂಟೆಯ ಮೇಲೆ ತೆಗೆದಾಗ ಒಣಗಿತ್ತು. ಹೊಗೆಯ ಒಂದು ತೆಳುವಾದ ಕಂದು ಅದರ ಮೇಲೆ ಕೂತಿತ್ತು. ಅಂಥ ಕಂದು ನನ್ನ ಪೆಟ್ಟಿಗೆಯಲ್ಲಿರಲಿಲ್ಲ. ಆ ಹಾಳೆ ಇಂದಿಗೂ ನನ್ನ ಬಳಿ ಇದೆ. ಚಿತ್ರವಾಗಿ ಅದಕ್ಕೆ ಬೆಲೆಯಿಲ್ಲ. ಮೂಗಿಗೆ ಹಿಡಿದರೆ ಆ ಅಡುಗೆಮನೆ ಬರುತ್ತದೆ.

ನಾನು ಮೂವತ್ತೆರಡು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ತಿಪಟೂರು ಸೀಮೆಯ ತೆಂಗಿನ ತೋಟಗಳ ನಡುವಿನ ಹೈಸ್ಕೂಲುಗಳಲ್ಲೇ ನನ್ನ ನೌಕರಿ ಕಳೆಯಿತು. ಹಾಸ್ಟೆಲಿನಲ್ಲಿದ್ದು ಓದಿದ ಒಬ್ಬ ಹುಡುಗ, ಈಗ ನಲವತ್ತು ದಾಟಿದ ಗೃಹಸ್ಥ, ಸಕಲೇಶಪುರ ತಾಲ್ಲೂಕಿನ ಬೆಳಗೋಡಿನ ಹತ್ತಿರ ತನ್ನ ಅಪ್ಪನ ಕಾಫಿ ತೋಟ ನೋಡಿಕೊಂಡಿದ್ದಾನೆ. ನಿವೃತ್ತಿಯ ದಿನ ಬಂದವನು, ‘ಹೂ ಬಂದಾಗ ಫೋನ್ ಮಾಡ್ತೀನಿ ಸಾರ್, ಬಣ್ಣ ತಗೊಂಡು ಬನ್ನಿ’ ಎಂದಿದ್ದ. ಮಾತಿಗೆ ಹೇಳಿದ್ದೆಂದುಕೊಂಡಿದ್ದೆ. ಮಾರ್ಚ್ ತಿಂಗಳ ಒಂದು ರಾತ್ರಿ ಫೋನು ಬಂತು. ‘ಸಾರ್, ಹೂಮಳೆ ಬಿತ್ತು. ಇವತ್ತಿಗೆ ಎಂಟನೇ ದಿನಕ್ಕೆ ಕೆಳಗಿನ ರೋಬಸ್ಟಾ ಬಿರಿಯುತ್ತೆ. ಮೂರು ದಿನ, ಜಾಸ್ತಿ ಅಂದ್ರೆ ನಾಲ್ಕು. ಆಮೇಲೆ ಬಂದ್ರೆ ಏನೂ ಇರಲ್ಲ.’

ಕಾಫಿಯ ಮೊಗ್ಗು ಬೇಸಿಗೆಯಲ್ಲಿ ನಿದ್ದೆ ಮಾಡುತ್ತಿರುತ್ತದೆ. ಮೊದಲ ಒಳ್ಳೆಯ ಮಳೆ, ಅಥವಾ ಸ್ಪ್ರಿಂಕ್ಲರಿನ ನೀರು, ಅದನ್ನು ಎಬ್ಬಿಸುತ್ತದೆ. ರೋಬಸ್ಟಾ ಏಳೆಂಟು ದಿನಕ್ಕೆ, ಅರೇಬಿಕಾ ಒಂಬತ್ತು ಹತ್ತು ದಿನಕ್ಕೆ, ಇಡೀ ತೋಟ ಒಟ್ಟಿಗೆ ಬಿರಿಯುತ್ತದೆ. ಹೀಗೆ ದಿನ ಎಣಿಸಿ ಹೊರಟ ಪ್ರಯಾಣ ನನ್ನ ಬದುಕಿನಲ್ಲಿ ಇದೊಂದೇ. ಐದನೇ ದಿನಕ್ಕೆ ಹಾಸನದಲ್ಲಿ ಬಸ್ಸು ಬದಲಿಸಿ ಆಲೂರು ದಾಟಿದೆ. ಅಲ್ಲಿಂದ ಮುಂದೆ ನೆಲ ಸುಮ್ಮನಿರುವುದಿಲ್ಲ. ಏಳುತ್ತದೆ, ಬೀಳುತ್ತದೆ, ತಿರುಗುತ್ತದೆ. ಜೋಳ, ಆಲೂಗಡ್ಡೆಯ ಹೊಲಗಳು ಹಿಂದೆ ಬಿದ್ದು ಮೊದಲ ಕಾಫಿ ಗಿಡಗಳು ರಸ್ತೆಯ ಬೇಲಿಗೆ ಬಂದು ನಿಲ್ಲುತ್ತವೆ. ಬಾಳ್ಳುಪೇಟೆಯಲ್ಲಿ ಇಳಿದಾಗ ಹುಡುಗ ಜೀಪಿನೊಡನೆ ಕಾದಿದ್ದ. ನನ್ನ ಬೋರ್ಡು, ಸ್ಟೂಲು, ನೀರಿನ ಬಾಟಲಿ, ಬಣ್ಣದ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡ. ಹೈಸ್ಕೂಲಿನಲ್ಲಿ ನನ್ನ ರೋಲ್ ಚಾರ್ಟುಗಳನ್ನು ಹೊರುತ್ತಿದ್ದವನೂ ಅವನೇ.

ಮೊದಲ ದಿನದ ಸೋಲಿಗೆ ಬರೀ ಮಂಜು ಕಾರಣವಾಗಿರಲಿಲ್ಲ. ನನ್ನ ಪೆಟ್ಟಿಗೆಯ ಹಸಿರೂ ಕಾರಣವಾಗಿತ್ತು.

ಬಯಲುಸೀಮೆಯವನಿಗೆ ಹಸಿರು ಅಪರೂಪದ ಬಣ್ಣ. ನಮ್ಮಲ್ಲಿ ನೆಲ ಕೆಂಪು, ಬೇಲಿ ಬೂದು, ಹುಲ್ಲು ಒಣಹಳದಿ. ತೆಂಗಿನ ಗರಿಗೆ ಒಂದು ಸ್ಯಾಪ್ ಗ್ರೀನ್ ಟ್ಯೂಬು ವರ್ಷಗಟ್ಟಲೆ ಬರುತ್ತದೆ. ಅದೇ ಟ್ಯೂಬನ್ನು ಇಲ್ಲಿ ಹಿಂಡಿ ಎದುರಿನ ಗುಡ್ಡಕ್ಕೆ ಬಳಿದೆ. ಹಾಳೆಯ ಮೇಲೆ ಅದು ಪ್ಲಾಸ್ಟಿಕ್ಕಿನ ಟಾರ್ಪಾಲಿನಂತೆ ಕಂಡಿತು. ತಲೆಯೆತ್ತಿ ನೋಡಿದೆ, ಗುಡ್ಡದಲ್ಲಿ ಆ ಹಸಿರು ಎಲ್ಲಿಯೂ ಇರಲಿಲ್ಲ. ಕಾಫಿ ಎಲೆಯದು ಎಣ್ಣೆ ಸವರಿದ ಕಡು ಹಸಿರು. ಬೆಳಕು ಬಿದ್ದ ಕಡೆ ಅದು ಹಸಿರೇ ಅಲ್ಲ, ಆಕಾಶದ ಬಿಳಿ. ಅದರ ಮೇಲೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಹಸಿರಿನಲ್ಲಿ ನೀಲಿ ಜಾಸ್ತಿ. ಸಿಲ್ವರ್ ಓಕ್ ಎಲೆಯ ಮೇಲ್ಭಾಗ ಒಂದು ಬಣ್ಣ. ಗಾಳಿ ಬಂದು ಮಗುಚಿದರೆ ಅಡಿಯಲ್ಲಿ ಬೂದಿ ಬೆಳ್ಳಿ. ಹಲಸಿನದು ಕಂದು ಸೇರಿದ ಹಸಿರು. ಬಸರಿಯ ಚಿಗುರು ಹಸಿರೇ ಅಲ್ಲ, ತಾಮ್ರ. ಹಾಲುವಾಣದಲ್ಲಿ ಆಗ ಎಲೆಯಿಲ್ಲ, ಕೆಂಪು ಹೂವಷ್ಟೇ. ಇವೆಲ್ಲದರ ನಡುವೆ ಮಂಜು ಒಂದೊಂದು ಪದರಕ್ಕೂ ಹಾಲು ಬೆರೆಸುತ್ತ ಹೋಗುತ್ತದೆ. ಹತ್ತಿರದ ಮರ ಹಸಿರು, ಅದರ ಹಿಂದಿನದು ನೀಲಿ, ಅದಕ್ಕೂ ಹಿಂದಿನದು ಆಕಾಶದ ಗುರುತಷ್ಟೆ.

ಈ ಹಸಿರು ಪೂರ್ತಿ ಕಾಡಿನದ್ದೂ ಅಲ್ಲ. ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದ್ ಎಂದೇ ಹೆಸರು. 1843ರಲ್ಲಿ ಫ್ರೆಡರಿಕ್ ಗ್ರೀನ್ ಎಂಬ ಇಂಗ್ಲಿಷ್ ಪ್ಲಾಂಟರ್ ಈ ಸೀಮೆಯಲ್ಲಿ ತೋಟ ಹಾಕಿದ. ಕಾಫಿ ಅರಬ್ಬೀ ನಾಡಿನಿಂದ, ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದವು. ಹಲಸು, ಬಸರಿ, ನೇರಳೆ ಇಲ್ಲಿಯವೇ. ಮನುಷ್ಯರು ತಲೆಮಾರುಗಟ್ಟಲೆ ಕೊಂಬೆ ಸವರಿ, ನೆರಳು ಬಿಡಿಸಿ, ಬೆಳಕು ಎಷ್ಟು ಬೀಳಬೇಕೆಂದು ಅಳೆದು ಮಾಡಿದ ಹಸಿರು ಇದು. ಮರಗಸಿಯ ಕಾಲದಲ್ಲಿ ಕತ್ತಿ ಹಿಡಿದು ಮರ ಹತ್ತುವ ಆಳು ನೆಲದ ಮೇಲೆ ಬೀಳುವ ಬಿಸಿಲಿನ ಚುಕ್ಕೆ ನೋಡಿ ಕೊಂಬೆ ಕಡಿಯುತ್ತಾನೆ ಎಂದು ಹುಡುಗ ಹೇಳಿದ. ನೆರಳು ಬೆಳಕಿನ ಲೆಕ್ಕ ನನ್ನ ಕಸುಬು ಎಂದುಕೊಂಡಿದ್ದೆ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಮರದ ಮೇಲಿದ್ದರು.

ಟ್ಯೂಬಿನ ಬಗ್ಗೆ ಒಂದು ಮಾತು ಹೇಳಬೇಕು. 1841ರಲ್ಲಿ ಜಾನ್ ಗಾಫ್ ರ್‍ಯಾಂಡ್ ಎಂಬ ಅಮೆರಿಕದ ಚಿತ್ರಕಾರ ಹಿಂಡುವ ತಗಡಿನ ಟ್ಯೂಬಿಗೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. ಒಮ್ಮೆ ಚುಚ್ಚಿದರೆ ಮುಚ್ಚಲು ಬಾರದು, ದಾರಿಯಲ್ಲಿ ಒಡೆದರೆ ಬಟ್ಟೆಯೆಲ್ಲ ಬಣ್ಣ. ಟ್ಯೂಬು ಬಂದ ಮೇಲೆ ಫ್ರಾನ್ಸಿನ ಚಿತ್ರಕಾರರು ಹೊಲಕ್ಕೆ, ನದಿಯ ದಂಡೆಗೆ ಸಲೀಸಾಗಿ ಹೋಗಿ ಕೂರುವಂತಾಯಿತು. ಚಿತ್ರಕಾರನನ್ನು ಹೊರಗೆ ಕರೆದೊಯ್ದ ಆ ಟ್ಯೂಬಿನಲ್ಲೇ ಸಿದ್ಧ ಹಸಿರೂ ಬಂತು, ನೋಡದೆ ಬಳಿಯುವ ಅನುಕೂಲವೂ ಬಂತು. ಎರಡನೇ ದಿನ ನಾನು ಸ್ಯಾಪ್ ಗ್ರೀನನ್ನು ಮನೆಯಲ್ಲೇ ಬಿಟ್ಟೆ. ಎರಡು ನೀಲಿ, ಎರಡು ಹಳದಿ, ಒಂದು ಬರ್ನ್ಟ್ ಸಿಯೆನಾ, ಇಷ್ಟೇ ಹಿಡಿದು ಕುಳಿತೆ. ಪ್ರತಿ ಹಸಿರನ್ನೂ ತಟ್ಟೆಯ ಮೇಲೆ ಕಲಸಲೇಬೇಕು, ಕಲಸಬೇಕಾದರೆ ನೋಡಲೇಬೇಕು. ಅಲ್ಟ್ರಾಮರೀನಿಗೆ ಗ್ಯಾಂಬೋಜ್ ಸೇರಿಸಿ ಒಂದು ಚಿಟಿಕೆ ಸಿಯೆನಾ ಬಿಟ್ಟಾಗ ಕಾಫಿ ಗಿಡದ ಒಳಗಿನ ಕತ್ತಲು ಸಿಕ್ಕಿತು. ಅದು ಸಿಕ್ಕ ಕ್ಷಣದ ಸಂತೋಷ ದೊಡ್ಡದು. ಸುತ್ತ ಯಾರೂ ಇರಲಿಲ್ಲ. ಒಂದು ಕುಟ್ರುಹಕ್ಕಿ ಬಿಡದೆ ಕುಟುರುತ್ತಿತ್ತು.

ಹಾಳೆ ಒಣಗದಿದ್ದರೆ ಒದ್ದೆಯಲ್ಲೇ ಬರೆಯಬೇಕು ಎಂಬುದನ್ನೂ ಅಂದೇ ಕಲಿತೆ. ನೀರಿನ ಮೇಲೆ ಬಣ್ಣ ಇಟ್ಟರೆ ಅದು ತಾನಾಗಿ ಹರಡಿ ಅಂಚು ಕಳೆದುಕೊಳ್ಳುತ್ತದೆ. ದೂರದ ಮರಗಳಿಗೂ ಅಂಚಿರಲಿಲ್ಲವಲ್ಲ. ಹಿಂದಿನ ದಿನ ನಾನು ಯಾವುದರ ಜೊತೆ ಜಗಳವಾಡಿದ್ದೆನೋ ಅದೇ ನನ್ನ ಕೆಲಸವನ್ನು ಅರ್ಧ ಮಾಡಿಕೊಟ್ಟಿತು.

ಕೆ. ವೆಂಕಟಪ್ಪನವರ ಊಟಿ ಮತ್ತು ಕೊಡೈಕನಾಲಿನ ಜಲವರ್ಣಗಳನ್ನು ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ನೋಡಿದ್ದೆ. 1886ರಲ್ಲಿ ಹುಟ್ಟಿ 1965ರಲ್ಲಿ ತೀರಿಕೊಂಡ ಅವರು ಕಲ್ಕತ್ತದಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು, ಮೈಸೂರಿನಲ್ಲಿ ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತವರು. ಬೆಟ್ಟದ ಮಂಜು, ಮಳೆಮೋಡ ಅವರ ಹಾಳೆಗಳಲ್ಲಿ ಎಷ್ಟು ಸಾವಧಾನವಾಗಿ ಇಳಿದಿವೆಯೆಂದರೆ, ಅಂದು ನಾನು ಅದನ್ನು ಕೈಚಳಕವೆಂದು ತಿಳಿದಿದ್ದೆ. ಬೆಳಗೋಡಿನ ಮಂಜಿನಲ್ಲಿ ಕುಳಿತ ಮೇಲೆ ಅನಿಸಿತು, ಆ ಮನುಷ್ಯ ಚಳಿಯಲ್ಲಿ ಎಷ್ಟು ಹೊತ್ತು ಕಾದಿರಬೇಕು! ವೀಣೆಯ ಒಂದೇ ಮೀಟಿಗೆ ದಿನಗಟ್ಟಲೆ ಕೂರಬಲ್ಲವನಿಗೆ ಮಾತ್ರ ಆ ಮೋಡ ಸಿಗುತ್ತದೆ.

ನನ್ನ ಮನಸ್ಸಿಗೆ ಇನ್ನೂ ಹತ್ತಿರದವರು ರುಮಾಲೆ ಚೆನ್ನಬಸವಯ್ಯನವರು. 1910ರಲ್ಲಿ ಹುಟ್ಟಿದ ಅವರು ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿ ಬಣ್ಣ ಬಿಟ್ಟವರು. ‘ತಾಯಿನಾಡು’ ಪತ್ರಿಕೆಯ ಸಂಪಾದಕರಾದರು, ವಿಧಾನ ಪರಿಷತ್ತಿನ ಸದಸ್ಯರಾದರು. ಆಮೇಲೆ ಅದೆಲ್ಲವನ್ನೂ ಬಿಟ್ಟು ಮತ್ತೆ ಕುಂಚ ಹಿಡಿದರು. ಬೆಂಗಳೂರಿನ ಹೂಬಿಟ್ಟ ಮರಗಳ ಎದುರಿಗೆ, ರಸ್ತೆಯ ಬದಿಯಲ್ಲಿ, ಉದ್ಯಾನಗಳಲ್ಲಿ ಕುಳಿತು ಸ್ಥಳದಲ್ಲೇ ಚಿತ್ರ ಬರೆದರು. 1988ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಬದುಕಾಯಿತು. ಸಣ್ಣ ಸಣ್ಣ ಗೀರುಗಳಲ್ಲಿ, ಚುಕ್ಕೆಗಳಲ್ಲಿ ಬಣ್ಣ ಇಟ್ಟು ಕಟ್ಟಿದ ಆ ಗುಲ್‌ಮೊಹರುಗಳ ಮುಂದೆ ನಿಂತರೆ ಮರ ಹೂ ಬಿಡುವ ಸದ್ದು ಕೇಳಿಸುತ್ತದೆ. ಅವರು ಬರೆದ ಎಷ್ಟೋ ಮರಗಳು ಇಂದಿಲ್ಲ. ಕರ್ನಾಟಕದಲ್ಲಿ ಹೊರಗೆ ಕುಳಿತು ಚಿತ್ರ ಬರೆಯುವವರೆಲ್ಲ ಗುರುವೆಂದು ನೆನೆಯಬೇಕಾದವರು ಅವರು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಶಾಲೆಯ ಮಕ್ಕಳಿಗೆ ಅವರ ಹೆಸರು ಗೊತ್ತಿಲ್ಲದಿರುವುದು ನೋವಿನ ವಿಷಯ.

ಎರಡನೇ ದಿನ ಮಧ್ಯಾಹ್ನ ತೋಟದ ರೈಟರು ಬಂದು ಹಿಂದೆ ನಿಂತರು. ಆಳುಗಳ ಹಾಜರಿ ಬರೆದು, ಕೂಲಿ ಲೆಕ್ಕ ಹಾಕಿ, ದಿನವಿಡೀ ತೋಟ ಸುತ್ತುವ ಅರವತ್ತರ ಆಸುಪಾಸಿನ ಮನುಷ್ಯ. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಹಾಳೆಯ ಬಲಮೂಲೆಗೆ ಬೆರಳು ತೋರಿಸಿ, ‘ಇಲ್ಲಿ ಹಳದಿ ಯಾಕ್ ಹಾಕಿದೀರಿ ಸಾರ್?’ ಅಂದರು.

‘ಕಂಡಿತು, ಹಾಕಿದೆ.’

‘ಎಲ್ಲಿ ಕಂಡಿದ್ದು?’

ಮೇಲಿನ ಅರೇಬಿಕಾ ತಾಕಿನ ಕಡೆ ಕೈ ತೋರಿಸಿದೆ. ಹಲಸಿನ ಮರದ ಎಡಕ್ಕೆ, ಕಡು ಹಸಿರಿನ ನಡುವೆ ಒಂದು ಗಿಡ ಸ್ವಲ್ಪ ಬೇರೆಯಾಗಿ, ಸುಸ್ತಾದಂತೆ ಹಳದಿಗೆ ತಿರುಗಿತ್ತು. ಬಣ್ಣದ ಸಮತೋಲಕ್ಕೆ ಅನುಕೂಲವೆಂದು ನಾನು ಅದನ್ನು ಬಿಡದೆ ಬರೆದಿದ್ದೆ. ರೈಟರು ಕಣ್ಣಿನ ಮೇಲೆ ಕೈಯಿಟ್ಟು ನೋಡಿ, ಏನೂ ಹೇಳದೆ ಆ ಕಡೆ ಹೊರಟರು. ಅರ್ಧ ಗಂಟೆಯ ಮೇಲೆ ಬಂದಾಗ ಕೈಯಲ್ಲಿ ಸೀಳಿದ ಕಾಂಡದ ತುಂಡಿತ್ತು. ಒಳಗೆ ಹುಡಿ ತುಂಬಿದ ಸುರಂಗ. ಅದರ ತುದಿಯಲ್ಲಿ ಬೆಳ್ಳಗಿನ ಹುಳು. ಬಿಳಿ ಕಾಂಡಕೊರಕ. ಅರೇಬಿಕಾ ಬೆಳೆಗಾರರು ಹೆದರುವ ಹೆಸರು ಅದು. ಹಿಡಿದ ಗಿಡವನ್ನು ಬುಡಸಮೇತ ಕಿತ್ತು ಸುಡದಿದ್ದರೆ ಪಕ್ಕದ ಗಿಡಕ್ಕೆ ಹೋಗುತ್ತದೆ. ‘ನಿನ್ನೆ ಅದೇ ದಾರೀಲಿ ಹೋಗಿದ್ದೆ ಸಾರ್. ಹತ್ತಿರದಿಂದ ಕಾಣ್ಲಿಲ್ಲ’ ಎಂದರು ರೈಟರು.

ನಾನು ಮೂವತ್ತೆರಡು ವರ್ಷದಲ್ಲಿ ಎಷ್ಟೋ ಚಿತ್ರ ಬರೆದಿದ್ದೇನೆ, ಕೆಲವಕ್ಕೆ ಬಹುಮಾನವೂ ಬಂದಿದೆ. ನನ್ನ ಒಂದು ಚಿತ್ರ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅಂದು ಮೊದಲು. ಆ ದಿನದಿಂದ ರೈಟರು ನನ್ನನ್ನು ಅತಿಥಿಯಂತೆ ನೋಡುವುದನ್ನು ಬಿಟ್ಟರು. ಬೆಳಿಗ್ಗೆ ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು, ಇಬ್ಬರೂ ಗುಡ್ಡ ನೋಡುತ್ತಿದ್ದೆವು. ಎಲೆಯ ಮಂಕು ನೀರು ಸಾಲದ್ದಕ್ಕೋ, ಗೊಬ್ಬರ ಸಾಲದ್ದಕ್ಕೋ, ಹುಳಕ್ಕೋ ಎಂಬುದನ್ನು ಅವರು ಬಣ್ಣದಲ್ಲೇ ಹೇಳುತ್ತಿದ್ದರು. ಅವರು ಹೇಳಿದ ಒಂದೊಂದು ಹಳದಿಯನ್ನೂ ನಾನು ತಟ್ಟೆಯಲ್ಲಿ ಕಲಸಿ ತೋರಿಸುತ್ತಿದ್ದೆ. ‘ಇನ್ನೊಂಚೂರು ಕೆಂಪು’ ಎನ್ನುತ್ತಿದ್ದರು. ಸರಿಯಾಗಿರುತ್ತಿತ್ತು.

ಎಂಟನೇ ದಿನ ಹೂ ಬಿರಿಯಿತು.

ಕಣ್ಣಿಗಿಂತ ಮೊದಲು ಮೂಗಿಗೇ ಎಚ್ಚರವಾಯಿತು. ನಸುಕಿನಲ್ಲಿ ಕಿಟಕಿಯಿಂದ ಮಲ್ಲಿಗೆಯಂಥ ವಾಸನೆ ಬಂತು, ಮಲ್ಲಿಗೆಗಿಂತ ಭಾರ. ಕಾಫಿ ಮಲ್ಲಿಗೆಯ ಕುಟುಂಬದ್ದಲ್ಲ, ನಮ್ಮ ಗುಡ್ಡಗಳ ಕೇಪಳದ ಕುಟುಂಬದ್ದು. ಹೊರಗೆ ಬಂದು ನೋಡಿದರೆ ಕೆಳಗಿನ ತಾಕಿನಲ್ಲಿ ಒಂದೊಂದು ರೆಂಬೆಯ ಮೇಲೂ ಗೆಣ್ಣುಗೆಣ್ಣಿಗೆ ಬಿಳಿ ಕಟ್ಟಿತ್ತು. ಎಲೆ ಕಾಣದಷ್ಟು ಬಿಳಿ. ಬಿಸಿಲೇರುತ್ತಿದ್ದಂತೆ ಜೇನು ಬಂದವು. ಇಡೀ ಇಳಿಜಾರು ಒಂದೇ ಶ್ರುತಿಯಲ್ಲಿ ಗುಂಯ್ಗುಡತೊಡಗಿತು. ರೋಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ್ದು ಬೇಕು. ಗಾಳಿ, ಜೇನು ಇವೆರಡೇ ಅದನ್ನು ತರುವವರು. ಈ ಮೂರು ದಿನ ಮಳೆ ಬರಬಾರದು, ಬಂದರೆ ಹೂ ಕೊಳೆತು ವರ್ಷದ ಫಸಲು ಹೋಗುತ್ತದೆ. ಹುಡುಗ ಗಳಿಗೆಗೊಮ್ಮೆ ಪಶ್ಚಿಮದ ಮೋಡ ನೋಡುತ್ತಿದ್ದ. ನಾನೂ ನೋಡುತ್ತಿದ್ದೆ. ಮೇಷ್ಟ್ರು, ಶಿಷ್ಯ ಇಬ್ಬರಿಗೂ ಅಂದು ಒಂದೇ ಚಿಂತೆ.

ಜಲವರ್ಣದಲ್ಲಿ ಬಿಳಿ ಬಣ್ಣವಿಲ್ಲ. ಟ್ಯೂಬಿನಲ್ಲಿ ಸಿಗುತ್ತದೆ, ಬಳಸಿದರೆ ಸುಣ್ಣದಂತೆ ಕಾಣುತ್ತದೆ. ಹಾಳೆಯೇ ಬಿಳಿ. ಹೂವಿರುವಲ್ಲಿ ಕುಂಚ ತಾಗಿಸಬಾರದು. ಹೂವಿನ ಸುತ್ತ ಇರುವ ನೆರಳನ್ನು, ಎಲೆಯ ಸಂದಿಯ ಕತ್ತಲನ್ನು ಬರೆಯುತ್ತ ಹೋದರೆ, ಬರೆಯದೆ ಬಿಟ್ಟ ಜಾಗ ಹೂವಾಗುತ್ತದೆ. ತರಗತಿಯಲ್ಲಿ ಇದನ್ನು ನೂರು ಸಲ ಹೇಳಿದ್ದೇನೆ. ಆದರೆ ಸಾವಿರಾರು ಹೂಗೊಂಚಲುಗಳ ಎದುರಿಗೆ, ಮೂರು ದಿನದಲ್ಲಿ ಕಂದುಬಣ್ಣಕ್ಕೆ ತಿರುಗಿ ಉದುರುವ ಬಿಳಿಯ ಎದುರಿಗೆ ಕುಳಿತಾಗ, ಎಲ್ಲಿ ಕೈ ತಡೆಯಬೇಕೆಂಬುದೇ ಅಂದಿನ ಇಡೀ ಕೆಲಸವಾಯಿತು. ಆರು ಗಂಟೆ ಕುಳಿತೆ. ಊಟ ನೆನಪಾಗಲಿಲ್ಲ. ಅವ್ವ ಬುತ್ತಿ ಕಳಿಸಿದ್ದರು, ಅಕ್ಕಿರೊಟ್ಟಿ, ಕಾಯಿಚಟ್ನಿ. ರೊಟ್ಟಿಯ ಮೇಲೆ ಒಂದು ಜೇನು ಬಂದು ಕೂತು ಹೋಯಿತು. ಹಾಳೆಯ ಮುಕ್ಕಾಲು ಭಾಗ ಖಾಲಿಯಿತ್ತು. ನಾನು ಬರೆದ ಚಿತ್ರಗಳಲ್ಲಿ ಅದು ಅತ್ಯುತ್ತಮ.

ಅದನ್ನು ಬರೆಯುತ್ತಿದ್ದಾಗಲೇ ಆಳುಗಳ ಲೈನು ಮನೆಯ ಒಬ್ಬ ಹುಡುಗಿ ಬಂದು ನಿಂತಳು. ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ. ಹಾಳೆಯನ್ನೂ ಗುಡ್ಡವನ್ನೂ ಎರಡೆರಡು ಸಲ ನೋಡಿ, ‘ಸೂರ್ಯ ಎಲ್ಲಿ?’ ಎಂದಳು.

‘ಮೋಡದ ಹಿಂದೆ ಇದಾನೆ.’

‘ಬೆಟ್ಟದ ಮಧ್ಯ ಬರೀಬೇಕು ಅಜ್ಜ.’

ನನ್ನ ಹತ್ತಿರ ಒಂದು ಹಾಳೆ, ಪೆನ್ಸಿಲು ಇಸಿದುಕೊಂಡು ಬರೆದೂ ತೋರಿಸಿದಳು. ಎರಡು ತ್ರಿಕೋನದ ಬೆಟ್ಟ, ನಡುವೆ ಅರ್ಧ ಸೂರ್ಯ, ಕಡ್ಡಿಯಂಥ ಕಿರಣಗಳು, ಕೆಳಗೆ ಅಂಕುಡೊಂಕು ಹೊಳೆ, ಒಂದು ಮನೆ, ಪಕ್ಕದಲ್ಲಿ ತೆಂಗಿನಮರ, ಮೇಲೆ ನಾಲ್ಕು ಹಕ್ಕಿ. ಈ ಚಿತ್ರ ನಾಡಿನ ಎಲ್ಲ ಮಕ್ಕಳಿಗೂ ಗೊತ್ತು. ಅವಳು ಹುಟ್ಟಿ ಬೆಳೆದ ಬೆಳಗೋಡಿನ ಸುತ್ತ ಒಂದೂ ತ್ರಿಕೋನದ ಬೆಟ್ಟವಿಲ್ಲ. ಇಲ್ಲಿನ ಗುಡ್ಡಗಳು ಮಲಗಿದ ಆನೆಗಳ ಬೆನ್ನಿನಂತೆ ದುಂಡಗೆ ಒಂದಕ್ಕೊಂದು ಒರಗಿವೆ. ಅವಳ ಮನೆಯ ಪಕ್ಕದಲ್ಲಿ ತೆಂಗಿನಮರವಿಲ್ಲ, ಹಲಸಿನಮರವಿದೆ. ಎದುರಿಗಿರುವ ಗುಡ್ಡವನ್ನು ನೋಡದೆ ಬೆಟ್ಟ ಬರೆಯಲು ಅವಳಿಗೆ ಯಾರೋ ಕಲಿಸಿದ್ದಾರೆ. ನನ್ನಂಥ ಒಬ್ಬ ಮೇಷ್ಟ್ರು ಕಲಿಸಿದ್ದಾರೆ. ನಾನೇ ನನ್ನ ಶಾಲೆಗಳಲ್ಲಿ ಆ ತ್ರಿಕೋನವನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಎಳೆದಿದ್ದೇನೆ! ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗಳಿಗೆ ಮಕ್ಕಳನ್ನು ತಯಾರು ಮಾಡುವಾಗ ನಿಸರ್ಗ ಚಿತ್ರವೆಂದರೆ ಮೇಜಿನ ಮೇಲಿಟ್ಟ ಒಂದು ಕೊಂಬೆ, ಸ್ಮರಣ ಚಿತ್ರವೆಂದರೆ ಬಾಯಿಪಾಠ ಮಾಡಿದ ಒಂದು ಸಂತೆ. ಶಾಲೆಯ ಬಾಗಿಲಾಚೆ ಹೆಜ್ಜೆಯಿಡದೆ ನಿಸರ್ಗವನ್ನು ಕಲಿಸಿ ಮುಗಿಸಿದ್ದೆ.

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಕಾಗದವನ್ನು ನೋಡಬೇಡ, ಆ ಗುಡ್ಡದ ಅಂಚನ್ನು ಕಣ್ಣಿನಲ್ಲಿ ಸವರುತ್ತ ಪೆನ್ಸಿಲನ್ನು ಜೊತೆಗೆ ನಡೆಸು ಎಂದೆ. ಗೆರೆ ನಡುಗುತ್ತ, ನಿಲ್ಲುತ್ತ ಹೋಯಿತು. ಮುಗಿದ ಮೇಲೆ ಹಾಳೆ ನೋಡಿ ಬಾಯಿಗೆ ಕೈಯಿಟ್ಟಳು. ‘ನಮ್ಮ ಗುಡ್ಡ!’ ಅಂದಳು. ಆ ಗುಡ್ಡವನ್ನು ದಿನಾ ನೋಡುತ್ತಿದ್ದವಳು ಅಂದು ಮೊದಲು ಗುರುತು ಹಿಡಿದಂತಿತ್ತು ಆ ದನಿ.

ಹೊರಗೆ ಕೂರುವುದಕ್ಕೆ ಇಲ್ಲೊಂದು ಗಡಿಯೂ ಇದೆ. ಸಂಜೆ ನಾಲ್ಕೂವರೆಗೆ ರೈಟರು ಬಂದು, ‘ಏಳಿ ಸಾರ್’ ಎನ್ನುತ್ತಿದ್ದರು. ಬಣ್ಣದವನಿಗೆ ಅತ್ಯಂತ ಪ್ರಿಯವಾದ ಹೊತ್ತು ಅದು. ಬಿಸಿಲು ಅಡ್ಡಬಿದ್ದು ಪ್ರತಿ ಮರಕ್ಕೂ ನೆರಳಿನ ಬಾಲ ಬರುವ ಹೊತ್ತು. ಆದರೆ ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಸಂಜೆ ಆನೆಗಳದ್ದು. ಯಾವ ತೋಟದಲ್ಲಿ ಹಿಂಡಿದೆ ಎಂಬ ಸುದ್ದಿ ಮೊಬೈಲಿಗೆ ಬರುತ್ತದೆ. ಆಳುಗಳು ಅದನ್ನು ನೋಡಿಯೇ ಕೆಲಸಕ್ಕೆ ಹೊರಡುತ್ತಾರೆ. ಎಂಟು ಸಲ ಚಿನ್ನದ ಅಂಬಾರಿ ಹೊತ್ತ ದಸರಾ ಆನೆ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಪ್ರಾಣ ಬಿಟ್ಟಿತು. ಇಲ್ಲಿನ ಎಷ್ಟೋ ಮನೆಗಳಲ್ಲಿ ಆನೆಗೆ ಸಿಕ್ಕಿ ಹೋದವರ ಫೋಟೋ ಗೋಡೆಯ ಮೇಲಿದೆ. ಮೂರನೇ ದಿನ ಬೆಳಿಗ್ಗೆ ನಾನು ಹಿಂದಿನ ದಿನ ಸ್ಟೂಲು ಹಾಕಿದ್ದ ಜಾಗದಲ್ಲೇ ಲದ್ದಿ ಬಿದ್ದಿತ್ತು, ಇನ್ನೂ ಬಿಸಿಯಿತ್ತು. ಪಕ್ಕದ ಬಾಳೆ ಸಿಗಿದಿತ್ತು. ನಾನು ಬಣ್ಣ ತೊಳೆದು ಚೆಲ್ಲಿದ್ದ ನೀರಿನ ಕಲೆಯ ಮೇಲೆ ಒಂದು ದೊಡ್ಡ ಹೆಜ್ಜೆ ಗುರುತಿತ್ತು. ಹೊರಗೆ ಕುಳಿತು ಚಿತ್ರ ಬರೆಯುವವನು ಆ ಜಾಗದ ಅತಿಥಿಯಷ್ಟೇ ಎಂಬುದು ನನಗೆ ಆ ಹೆಜ್ಜೆಯಿಂದ ತಿಳಿಯಿತು. ಸಂಜೆಯ ಬಿಸಿಲನ್ನು ಮನಸ್ಸಿನಲ್ಲಿ ಹೊತ್ತು ಬಂದು ಜಗಲಿಯಲ್ಲಿ ಬರೆದೆ. ಸ್ಮರಣ ಚಿತ್ರದ ನಿಜವಾದ ಅರ್ಥ ಅದು.

ಒಂದು ದಿನ ಮಂಜರಾಬಾದ್ ಕೋಟೆಗೂ ಹೋದೆವು. ಟಿಪ್ಪು ಸುಲ್ತಾನ್ 1792ರಲ್ಲಿ, 988 ಮೀಟರ್ ಎತ್ತರದ ದಿಣ್ಣೆಯ ಮೇಲೆ ಎಂಟು ಮೂಲೆಯ ನಕ್ಷತ್ರದಂತೆ ಕಟ್ಟಿಸಿದ ಕೋಟೆ. ನೋಡಲು ಬಂದಾಗ ಮಂಜು ಕವಿದಿದ್ದರಿಂದ ಈ ಹೆಸರಿಟ್ಟನೆಂದು ಜನ ಹೇಳುತ್ತಾರೆ. ಅದೇ ಕಾಲದಲ್ಲಿ ರಾಬರ್ಟ್ ಹೋಮ್ ಎಂಬ ಇಂಗ್ಲಿಷ್ ಚಿತ್ರಕಾರ ಕಾರ್ನ್‌ವಾಲಿಸನ ಸೈನ್ಯದ ಜೊತೆ ಮೈಸೂರು ಸೀಮೆಯಲ್ಲಿ ಅಲೆಯುತ್ತ ಗಿರಿದುರ್ಗಗಳನ್ನು ಬರೆಯುತ್ತಿದ್ದ. 1794ರಲ್ಲಿ ಅವು ಪುಸ್ತಕವಾದವು. ಯುದ್ಧದ ಬೆನ್ನಿಗೆ ಬಂದ ಕಣ್ಣು ಅದು, ಅದರಲ್ಲಿ ಗುಡ್ಡವೆಂದರೆ ಕೋಟೆ. ಕೋಟೆಯ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ನಕ್ಷತ್ರದ ಒಂದು ಮೂಲೆಯಿಂದ ಇನ್ನೊಂದು ಕಾಣಲಿಲ್ಲ. ಅಲ್ಲಿ ಪೆಟ್ಟಿಗೆ ತೆರೆಯಲಿಲ್ಲ.

ಹಿಂದಿರುಗುವ ದಿನ ಸಕಲೇಶಪುರದಲ್ಲಿ ಹೇಮಾವತಿಯ ದಂಡೆಗೆ ಇಳಿದು ಬಣ್ಣದ ಬಾಟಲಿಗೆ ಹೊಸ ನೀರು ತುಂಬಿಕೊಂಡೆ. ಈ ನದಿ ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ನಾಲೆಯಾಗಿ ನಮ್ಮ ತುಮಕೂರು ಜಿಲ್ಲೆಗೂ ಬರುತ್ತದೆ. ವರ್ಷಗಟ್ಟಲೆ ನಾನು ಕುಂಚ ಅದ್ದಿದ ನೀರಿನಲ್ಲಿ ಈ ಗುಡ್ಡಗಳ ಮಂಜೂ ಇತ್ತು, ನನಗೆ ತಿಳಿದಿರಲಿಲ್ಲ.

ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ 1821 ಮತ್ತು 1822ರಲ್ಲಿ ಹ್ಯಾಂಪ್‌ಸ್ಟೆಡ್ ಎಂಬಲ್ಲಿ ಬರೀ ಮೋಡಗಳನ್ನೇ ಬರೆದ. ಎಷ್ಟೋ ಚಿತ್ರಗಳ ಹಿಂಬದಿಗೆ ದಿನ, ಹೊತ್ತು, ಗಾಳಿಯ ದಿಕ್ಕು ಗುರುತು ಹಾಕಿದ. ಬೆಳಗೋಡಿನಿಂದ ಬಂದ ಮೇಲೆ ನಾನೂ ಅದನ್ನು ರೂಢಿ ಮಾಡಿಕೊಂಡೆ. ಖಾಲಿ ಮುಕ್ಕಾಲಿನ ಆ ಚಿತ್ರದ ಬೆನ್ನಿಗೆ ಹೀಗೆ ಬರೆದಿದ್ದೇನೆ: ‘ಬೆಳಗೋಡು. ಹೂಮಳೆಯ ಎಂಟನೇ ದಿನ. ಬೆಳಿಗ್ಗೆ 8ರಿಂದ 2. ಗಾಳಿ ಪಡುವಣದಿಂದ, ಸಣ್ಣಗೆ. ಜೇನು ಬಹಳ. ಮಳೆ ಬರಲಿಲ್ಲ.’ ಆ ವರ್ಷ ಫಸಲು ಚೆನ್ನಾಗಿ ಕಟ್ಟಿತೆಂದು ಹುಡುಗ ಆಮೇಲೆ ತಿಳಿಸಿದ.

ಈಗ ಕೆಲಸದಲ್ಲಿರುವ ಡ್ರಾಯಿಂಗ್ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ನನ್ನದೊಂದು ಬೇಡಿಕೆ. ಒಂದು ಪೀರಿಯಡ್ಡಿಗೆ ನಲವತ್ತೈದು ನಿಮಿಷ ಸಿಗುತ್ತದೆ. ತಿಂಗಳಿಗೊಂದು ಪೀರಿಯಡ್ಡನ್ನು ಹೊರಗೆ ತೆಗೆದುಕೊಳ್ಳಿ. ಶಾಲೆಯ ಹಿಂದೆ ಗುಡ್ಡವಿದ್ದರೆ ಗುಡ್ಡ, ಇಲ್ಲದಿದ್ದರೆ ಕೆರೆ ಏರಿ, ಅದೂ ಇಲ್ಲದಿದ್ದರೆ ಕಾಂಪೌಂಡಿನ ಹೊಂಗೆ ಮರ. ಬಣ್ಣ ಬೇಡ, ಒಂದು ಪೆನ್ಸಿಲು, ನೋಟುಪುಸ್ತಕದ ಒಂದು ಹಾಳೆ ಸಾಕು. ಮಕ್ಕಳು ಸೂರ್ಯನನ್ನು ಎಲ್ಲಿ ಬರೆಯಬೇಕೆಂದು ಕೇಳುತ್ತಾರೆ. ತಲೆಯೆತ್ತಿ ನೋಡಲು ಹೇಳಿ.